ಬಸ್ಸು ಬಾರದ ಕಡೆ ನಿಂತ ಚುಕ್ಕಿ

ಗಲ್ಮೊಕ್, ನವೆಂಬರ್ 3
(ಏಳನೇ ನೀರು)

ಹ್ಯಾಂಗ್‌ಮಿ,

ಡಬ್ಬಿಯಲ್ಲಿ ಮೇಲೆ ಮೂಲಂಗಿ ಕಿಮ್ಚಿ ಇದೆ, ಕೆಳಗೆ ಬೇಯಿಸಿ ಬಿಡಿಸಿದ ಚಿಪ್ಪಿನ ಮಾಂಸ. ಮೊದಲು ಅದನ್ನು ಫ್ರಿಜ್ಜಿನಲ್ಲಿಡು, ಆಮೇಲೆ ಇದನ್ನು ಓದು. ಓದಿದರೆ ನಿನಗೆ ಸಿಟ್ಟು ಬರುತ್ತದೆ, ಸಿಟ್ಟಿನಲ್ಲಿ ಫ್ರಿಜ್ಜು ನೆನಪಾಗುವುದಿಲ್ಲ.

ಇನ್ನು ಮುಂದೆ ನಾನು ಫೋನಿನಲ್ಲಿ ಮಾತಾಡುವುದಿಲ್ಲ. ಮೊನ್ನೆ ನಾನು ಹಲೋ ಅನ್ನುವುದಕ್ಕೂ ಮೊದಲೇ ನೀನು "ಅಮ್ಮಾ, ನಿನ್ನೆ ನಾಲ್ಕೇ ಗಂಟೆ ನಿದ್ದೆ ಮಾಡಿದೀಯ, ಯಾಕೆ?" ಅಂದೆ. ಊಟ ಆಯಿತಾ ಅಂತ ಕೇಳುವ ಕಾಲ ಹೋಯಿತು. ಆರೋಗ್ಯ ಕೇಂದ್ರದ ನರ್ಸ್ ಹುಡುಗಿ ನನಗೆ ಎಲ್ಲ ಬಿಡಿಸಿ ಹೇಳಿದ್ದಾಳೆ. ಅವರು ಕೊಟ್ಟ ಈ ಫೋನು ನಾನು ಹೇಗೆ ನಡೆಯುತ್ತೇನೆ, ಎಲ್ಲಿಗೆ ಹೋಗುತ್ತೇನೆ, ಬೆರಳು ಎಷ್ಟು ನಿಧಾನ, ಮಾತಾಡುವಾಗ ಎಲ್ಲಿ ತಡವರಿಸುತ್ತೇನೆ ಎಲ್ಲವನ್ನೂ ಬರೆದುಕೊಳ್ಳುತ್ತದಂತೆ. ಮಗಳ ಜೊತೆ ಮಾತಾಡುವಾಗ ಒಂದು ಹೆಸರು ನಾಲಿಗೆಗೆ ಬರದಿದ್ದರೆ ಅದಕ್ಕೂ ಅಂಕ ಕಡಿತ. ಅದಕ್ಕೇ ಕಾಗದ. ಅರವತ್ತಮೂರನೇ ವಯಸ್ಸಿನಲ್ಲಿ ಊರಿನ ಸಭಾಮನೆಯಲ್ಲಿ ಕೂತು ಅಕ್ಷರ ಕಲಿತದ್ದು ಈಗ ಕೆಲಸಕ್ಕೆ ಬಂತು. ಕಾಗದದ ಮುಂದೆ ನಾನು ಎಷ್ಟು ಹೊತ್ತು ಪೆನ್ನು ಹಿಡಿದು ಕೂತಿದ್ದೆ ಎಂದು ಯಾರಿಗೂ ತಿಳಿಯುವುದಿಲ್ಲ.

ಅಷ್ಟಕ್ಕೂ ನಾನು ಮಾಡಿದ ತಪ್ಪೇನು? ವಸಂತದಲ್ಲಿ ಮರೆವಿನ ಪರೀಕ್ಷೆಗೆ ಕರೆದರು, ಹೋದೆ. "ಇವತ್ತು ಯಾವ ದಿನ ಅಜ್ಜಿ?" ಅಂದಳು ಅದೇ ನರ್ಸ್. "ಒಂಬತ್ತನೇ ನೀರು" ಅಂದೆ. ಆ ಹುಡುಗಿ ತಲೆ ಬಗ್ಗಿಸಿ ಸೊನ್ನೆ ಹಾಕಿದಳು! ಈ ದಂಡೆಯ ಮೇಲೆ ಯಾರನ್ನು ಕೇಳಿದರೂ ದಿನವನ್ನು ನೀರಿನ ಲೆಕ್ಕದಲ್ಲೇ ಹೇಳುತ್ತಾರೆ. ಯಾವ ದಿನ ಸಮುದ್ರ ಎಷ್ಟು ದೂರ ಹಿಂದೆ ಸರಿಯುತ್ತದೆ, ಯಾವಾಗ ತಿರುಗಿ ಬರುತ್ತದೆ ಎನ್ನುವುದು ತಪ್ಪಿದರೆ ನಮಗೆ ಹೋಗುವುದು ಅಂಕವಲ್ಲ, ಪ್ರಾಣ. ಅವಳು ಬೆಟ್ಟದ ಕಡೆಯವಳು, ಅವಳಿಗೇನು ಗೊತ್ತು. ನನ್ನ ಅಮ್ಮನಿಗೂ ಮರೆವಿನ ಕಾಯಿಲೆ ಇತ್ತು ಎಂದು ನೀನು ಬೇರೆ ಹೇಳಿಬಿಟ್ಟೆ. ಎರಡೂ ಸೇರಿ ನನಗೆ ಈ ಫೋನು ಗಂಟುಬಿತ್ತು. ಜವಾಬ್ದಾರಿ ಹೊತ್ತವರ ಸಹಿ ಅಂತ ಇದ್ದ ಕಡೆ ನಿನ್ನ ಸಹಿ ನೋಡಿದೆ. ಚೆನ್ನಾಗಿ ಹಾಕಿದ್ದೀಯ.

ಚಿಪ್ಪು ಆಯುವ ಕೆಲಸ ಶುರುವಾಗಿದೆ. ಈ ವರ್ಷ ಸಮುದ್ರ ಹಿಂದೆ ಸರಿದಾಗ ಕೆಸರಿಗೆ ಇಳಿಯುವವರು ಏಳು ಜನ. ಓಕ್‌ದಾನ್ ಅಕ್ಕ ಮಂಡಿ ಹೋದ ಮೇಲೆ ಇಳಿಯುವುದಿಲ್ಲ, ದಂಡೆಯ ಮೇಲಿನ ಶೆಡ್ಡಿನಲ್ಲಿ ನಮಗೆ ಅನ್ನ ಬೇಯಿಸಿಡುತ್ತಾಳೆ. ನಾನು ಇನ್ನೂ ಹಲಗೆಯ ಮೇಲೆ ಒಂದು ಮಂಡಿಯೂರಿ, ಇನ್ನೊಂದು ಕಾಲಿನಲ್ಲಿ ಕೆಸರು ಒದ್ದುಕೊಂಡು ಎಲ್ಲರಿಗಿಂತ ಮುಂದೆ ಹೋಗುತ್ತೇನೆ. ಐವತ್ತೆರಡು ವರ್ಷ ಆಯಿತು. ಇದನ್ನು ನಿನ್ನ ಫೋನಿಗೆ ಹೇಳು.

ನಿನ್ನ ಅಮ್ಮ,
ಪಿಲ್‌ಸಿಮ್

*

ದೇಜೊನ್, ನವೆಂಬರ್ 14

ಅಮ್ಮಾ,

ಸಿಟ್ಟು ಬಂತು. ಫ್ರಿಜ್ಜೂ ನೆನಪಿತ್ತು.

ದಿನಕ್ಕೆ ಒಂಬತ್ತು ಗಂಟೆ ಬಸ್ಸು ಓಡಿಸಿ ಬಂದು ಪತ್ರ ಬರೆಯುವುದು ನನಗೇನು ಹಬ್ಬವಲ್ಲ. ಆದರೆ ನೀನು ಫೋನು ಎತ್ತುವುದಿಲ್ಲ. ಎತ್ತಿದರೂ "ಹೂಂ", "ಊಹೂಂ" ಬಿಟ್ಟು ಬಾಯಿ ಬಿಡುವುದಿಲ್ಲ. ಯಂತ್ರದ ಮೇಲಿನ ಕೋಪಕ್ಕೆ ನನಗೆ ಉಪವಾಸ.

ನಾನು ಯಾಕೆ ಸಹಿ ಹಾಕಿದೆ ಎಂದು ನಿನಗೆ ಗೊತ್ತು. ಅಜ್ಜಿ ನನ್ನನ್ನು "ನೀವು ಯಾರ ಮನೆಯವರು?" ಎಂದು ಮರ್ಯಾದೆ ಕೊಟ್ಟು ಕೇಳಿದ ದಿನ ನನಗೆ ಹನ್ನೊಂದು ವರ್ಷ. ನೀನು ಅಡುಗೆಮನೆಗೆ ಹೋಗಿ ಅಕ್ಕಿ ತೊಳೆಯುವ ಹಾಗೆ ಮಾಡುತ್ತಾ ಅತ್ತೆ. ನಾನು ಬಾಗಿಲಲ್ಲಿ ನಿಂತು ನೋಡಿದೆ. ನಿನ್ನ ಹಾಗೆ ಅಳುವ ಸರದಿ ನನಗೆ ಬಂದಾಗ ತಡವಾಗಿ ಗೊತ್ತಾಗಬಾರದು, ಅಷ್ಟೇ ನನ್ನ ಆಸೆ. ಬೇಗ ಗೊತ್ತಾದರೆ ಔಷಧಿ ಇದೆ ಅನ್ನುತ್ತಾರೆ.

ಈಗ ಕೇಳು. ಕೆಲಸ ಶುರುವಾದ ಮೊದಲ ದಿನ ಫೋನು ಎರಡು ಗಂಟೆ ಅಲುಗಾಡಲಿಲ್ಲ ಎಂದು ನನಗೆ ಎಚ್ಚರಿಕೆ ಬಂತು. ಪ್ರಯಾಣಿಕರು ಬೈಯುತ್ತಿದ್ದರೂ ಬಸ್ಸು ಬದಿಗೆ ಹಾಕಿ ಫೋನು ಮಾಡಿದೆ. ನೀನು ಅದನ್ನು ಶೆಡ್ಡಿನಲ್ಲಿ ಬಿಟ್ಟು ಕೆಸರಿಗೆ ಇಳಿದಿದ್ದೆ. ಸಂಜೆ ಕೇಳಿದಾಗ ನೀನು, ಇನ್ನು ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೊತೆಗೇ ಒಯ್ಯುತ್ತೇನೆ ಅಂದೆ. ನಾನು ನಂಬಿದೆ.

ಆದರೆ ನನ್ನ ಪರದೆಯ ಮೇಲೆ ನೀನು ಒಂದು ನೀಲಿ ಚುಕ್ಕಿ. ಆ ಚುಕ್ಕಿ ಕೆಸರಿನಲ್ಲಿಲ್ಲ. ನವೆಂಬರ್ 6ರಂದು ಬೆಳಿಗ್ಗೆ ಹತ್ತೂ ನಲವತ್ತರಿಂದ ಹನ್ನೊಂದೂವರೆಯವರೆಗೆ ಗದ್ದೆ ಬದಿಯ ಹಳೆಯ ರಸ್ತೆಯಲ್ಲಿ ಸುಮ್ಮನೆ ನಿಂತಿತ್ತು. 8ರಂದು ಮತ್ತೆ ಅಲ್ಲೇ. 11ರಂದು ಎರಡು ಸಲ. ನಡಿಗೆ ಬೇಸಿಗೆಗಿಂತ ತುಂಬಾ ನಿಧಾನ. ನಕ್ಷೆಯಲ್ಲಿ ಆ ಜಾಗ ಯಾವುದೆಂದು ಹುಡುಕಿ ಹುಡುಕಿ ಕೊನೆಗೆ ನೆನಪಾಯಿತು. ಅಲ್ಲಿ ಹಿಂದೆ ಬಸ್ ನಿಲ್ದಾಣ ಇತ್ತಲ್ಲ? ಹೊಸ ರಸ್ತೆ ಬಂದ ಮೇಲೆ ತೆಗೆದರು. ಹನ್ನೊಂದು ವರ್ಷದಿಂದ ಅಲ್ಲಿಗೆ ಒಂದು ಬಸ್ಸೂ ಬಂದಿಲ್ಲ.

ನಾನು ಬಸ್ಸು ಓಡಿಸುವವಳು. ಬಸ್ಸು ಬಾರದ ಕಡೆ ನಿಂತು ಕಾಯುವವರನ್ನು ಕಂಡರೆ ಬಸ್ಸು ನಿಲ್ಲಿಸಿ ಮನೆ ಎಲ್ಲಿ ಎಂದು ಕೇಳದೆ ಮುಂದೆ ಹೋಗುವುದಿಲ್ಲ. ಅಮ್ಮಾ, ಸುಳ್ಳು ಬೇಡ. ಎಲ್ಲಿಗೆ ಹೊರಟಿದ್ದೆ?

ನಿನ್ನ ಮಗಳು,
ಹ್ಯಾಂಗ್‌ಮಿ

*

ಗಲ್ಮೊಕ್, ನವೆಂಬರ್ 20
(ಒಂಬತ್ತನೇ ನೀರು)

ಹ್ಯಾಂಗ್‌ಮಿ,

ಎಲ್ಲಿಗೂ ಹೊರಟಿರಲಿಲ್ಲ. 6ರಂದು ಕೆಸರಿನಲ್ಲಿದ್ದೆ. 8ರಂದು ಕೆಸರಿನಲ್ಲಿದ್ದೆ. 11ರಂದೂ ಕೆಸರಿನಲ್ಲೇ ಇದ್ದೆ, ಅವತ್ತು ಎಲ್ಲರಿಗಿಂತ ಎರಡು ಬಲೆಚೀಲ ಹೆಚ್ಚು ತಂದೆ. ಆರು ಜನ ಹೆಂಗಸರು ಸಾಕ್ಷಿ ಇದ್ದಾರೆ, ಕೇಳಿಕೋ. ನಿನ್ನ ಯಂತ್ರ ನನ್ನನ್ನು ಗದ್ದೆ ಬದಿಯಲ್ಲಿ ನಿಲ್ಲಿಸಿದ್ದರೆ ಮರೆವು ಅದಕ್ಕೆ ಬಂದಿದೆ. ಅದನ್ನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.

ಈ ವಿಷಯ ಯಾರಿಗೂ ಹೇಳಬೇಡ. ಮೀನುಗಾರರ ಸಂಘದ ಚು ಈಗಲೇ ಎಪ್ಪತ್ತು ದಾಟಿದವರನ್ನು ಕಂಡರೆ ಮುಖ ಸಿಂಡರಿಸುತ್ತಾನೆ. ಅವನಿಗೆ ಒಂದು ನೆವ ಸಿಕ್ಕರೆ ಸಾಕು. ಕೆಸರಿಗೆ ಇಳಿಯದಿದ್ದರೆ ನಾನು ಇಡೀ ಚಳಿಗಾಲ ಏನು ಮಾಡಲಿ? ಸಭಾಮನೆಯಲ್ಲಿ ಬೆಚ್ಚನೆಯ ನೆಲದ ಮೇಲೆ ಮಲಗಿ ಟಿವಿ ನೋಡುವುದಾ? ಹಾಗೆ ಮಲಗಿದವರು ಒಬ್ಬರೂ ಮರುವರ್ಷ ಎದ್ದದ್ದನ್ನು ನಾನು ಕಂಡಿಲ್ಲ.

ಎಳ್ಳೆಣ್ಣೆ ಕಳಿಸಿದ್ದೇನೆ. ಮುಚ್ಚಳ ಗಟ್ಟಿ ಇದೆ, ಬಿಸಿನೀರಿನಲ್ಲಿ ಹಿಡಿದು ತೆಗೆ.

ಅಮ್ಮ

*

ದೇಜೊನ್, ನವೆಂಬರ್ 26

ಅಮ್ಮಾ,

ತಿಂಗಳ ವರದಿ ಬಂತು. "ಎಚ್ಚರ" ಎಂದು ಕೆಂಪಿನಲ್ಲಿ ಬರೆದಿದ್ದಾರೆ. ನಡಿಗೆ, ದಾರಿ, ಎರಡೂ ಕೆಂಪು.

ಆ ಆರು ಜನರನ್ನು ಕೇಳು ಅಂದೆಯಲ್ಲ, ಅವರು ಒಬ್ಬರನ್ನೊಬ್ಬರು ಬಿಟ್ಟುಕೊಡುವವರಲ್ಲ. ಅಜ್ಜಿ ಕಾಣೆಯಾದ ದಿನವೂ ಎಲ್ಲರೂ "ಈಗ ಇಲ್ಲೇ ಇದ್ದಳಲ್ಲ" ಅಂದಿದ್ದರು. ಸಿಕ್ಕಿದ್ದು ಸಂಜೆಗೆ, ನಾಲ್ಕು ಮೈಲಿ ಆಚೆ.

ಕೆಸರಿನ ನಡುವಿನ ಕಾಲುವೆಯಲ್ಲಿ ಸಮುದ್ರದ ನೀರು ತುಂಬುವುದಕ್ಕೆ ಇಪ್ಪತ್ತೇ ನಿಮಿಷ ಸಾಕು ಎಂದು ನನಗೆ ಹೇಳಿಕೊಟ್ಟವಳು ನೀನು. ಹಿಂತಿರುಗುವ ಹೊತ್ತು ಒಂದೇ ಒಂದು ದಿನ ಮರೆತರೆ? ನಾನು ಇಲ್ಲಿ ಬಸ್ಸಿನಲ್ಲಿ ಕೂತು ಚುಕ್ಕಿ ಆರಿಹೋಗುವುದನ್ನು ನೋಡಬೇಕಾ?

ಚು ಅವರಿಗೆ ನಾನೇ ಫೋನು ಮಾಡಿ ವರದಿ ಕಳಿಸಿದ್ದೇನೆ. ಬೇರೆ ಯಾರೋ ಹೇಳಿದರು ಅಂದುಕೊಳ್ಳಬೇಡ. ನೀನು ಸಿಟ್ಟಾಗಿದ್ದರೂ ಪರವಾಗಿಲ್ಲ, ಬದುಕಿದ್ದರೆ ಸಾಕು.

ಹ್ಯಾಂಗ್‌ಮಿ

*

ಗಲ್ಮೊಕ್, ಡಿಸೆಂಬರ್ 1

ಈ ಸಲ ಡಬ್ಬಿ ಇಲ್ಲ.

ನಿನ್ನೆ ಬೆಳಿಗ್ಗೆ ಎಲ್ಲರೂ ನೋಡುತ್ತಿರುವಾಗ ಚು ನನ್ನ ಹಲಗೆಗೆ ಸೈಕಲ್ ಸರಪಳಿ ಹಾಕಿ ಬೀಗ ಜಡಿದ. ನಿನ್ನ ಅಪ್ಪ ಕೆತ್ತಿದ ಹಲಗೆ ಅದು. "ಅಜ್ಜಿ, ನಿಮ್ಮ ಒಳ್ಳೇದಕ್ಕೇ. ಮಗಳೇ ಹೇಳಿದಾಳೆ" ಅಂದ. ಹೆಂಗಸರು "ಅವಳು ನಮ್ಮ ಜೊತೆಗೇ ಇದ್ಲಪ್ಪ, ನಾವು ಕಣ್ಣಾರೆ ನೋಡಿದೀವಿ" ಎಂದು ಬಾಯಿ ಬಡಿದುಕೊಂಡರು. "ಕಾಗದದಲ್ಲಿ ಬರೆದಿದೆಯಲ್ಲ" ಅಂದ. ನನ್ನ ಐವತ್ತೆರಡು ವರ್ಷ ಒಂದು ಕಡೆ, ಅವನ ಕೈಯಲ್ಲಿದ್ದ ಒಂದು ಹಾಳೆ ಇನ್ನೊಂದು ಕಡೆ.

ಮಗಳೇ ಹೇಳಿದಳಂತೆ.

ಪಿಲ್‌ಸಿಮ್

*

ಗಲ್ಮೊಕ್, ಡಿಸೆಂಬರ್ 12

ಹ್ಯಾಂಗ್‌ಮಿ,

ನಿನ್ನ ಮೂರು ಪತ್ರಗಳನ್ನೂ ಒಡೆಯದೆ ಅಕ್ಕಿ ಡಬ್ಬಿಯ ಮೇಲಿಟ್ಟಿದ್ದೇನೆ. ಇದು ಅವಕ್ಕೆ ಉತ್ತರವಲ್ಲ. ಇದನ್ನು ಹೇಳದೆ ನನಗೆ ಅನ್ನ ಇಳಿಯುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಆ ಚುಕ್ಕಿ ನಾನಲ್ಲ. ಫೋನು ಓಕ್‌ದಾನ್ ಅಕ್ಕನ ಜೇಬಿನಲ್ಲಿತ್ತು.

ಪ್ಲಾಸ್ಟಿಕ್ ಚೀಲದ ಮಾತು ಸುಳ್ಳು. ಕೆಸರಿನಲ್ಲಿ ಎದೆಯವರೆಗೂ ಒದ್ದೆಯಾಗುತ್ತೇವೆ, ಅಲ್ಲಿ ಫೋನು ಎಲ್ಲಿಡುವುದು? ದಂಡೆಯ ಮೇಲೆ ಬಿಟ್ಟರೆ ನೀನು ಬಸ್ಸು ನಿಲ್ಲಿಸುತ್ತೀಯ. ಅದಕ್ಕೆ ಎರಡನೇ ದಿನದಿಂದ ಅಕ್ಕನಿಗೆ ಕೊಟ್ಟೆ. "ಅಕ್ಕ, ಇದನ್ನ ಜೇಬಲ್ಲಿಟ್ಕೊಂಡು ಅಡ್ಡಾಡ್ತಿರು, ಕೂತ್ರೆ ಬೈಯತ್ತೆ" ಅಂದೆ. "ನನ್ನ ಗಂಡನೂ ಹಂಗೇ ಇದ್ದ ಬಿಡು" ಎಂದು ನಕ್ಕು ಹತ್ತಿ ತುಂಬಿದ ತೋಳಿಲ್ಲದ ಅಂಗಿಯ ಜೇಬಿಗೆ ಹಾಕಿಕೊಂಡಳು. ದಿನಾ ಬೆಳಿಗ್ಗೆ ಕೊಡುತ್ತಿದ್ದೆ, ಸಂಜೆ ಇಸಿದುಕೊಳ್ಳುತ್ತಿದ್ದೆ.

ನೀನು ಹಳೆಯ ನಿಲ್ದಾಣದ ವಿಷಯ ಬರೆದಾಗಲೇ ಅವು ಅವಳ ಹೆಜ್ಜೆಗಳು ಎಂದು ನನಗೆ ಗೊತ್ತಾಯಿತು. ಗದ್ದೆ ಬದಿಗೆ ಸೊಪ್ಪು ಕೀಳುವುದಕ್ಕೆ ಹೋಗಿರಬೇಕು ಅಂದುಕೊಂಡೆ. ನವೆಂಬರಿನಲ್ಲಿ ಅಲ್ಲಿ ಯಾವ ಸೊಪ್ಪು? ಅದನ್ನು ನಾನು ಯೋಚಿಸಲಿಲ್ಲ, ಯೋಚಿಸುವುದು ಬೇಡವಾಗಿತ್ತು. ಚು ಬೀಗ ಹಾಕುವಾಗ "ಅದು ನಾನಲ್ಲ ಕಣೋ" ಎನ್ನುವ ಮಾತು ಬಾಯಿಯ ತುದಿಗೆ ಬಂದಿತ್ತು. ಪಕ್ಕದಲ್ಲಿ ಅಕ್ಕ ನಿಂತಿದ್ದಳು. ಇದು ಯಾರ ಹಲಗೆ ಎನ್ನುವ ಹಾಗೆ ಆ ಸರಪಳಿಯನ್ನು ನೋಡುತ್ತಿದ್ದಳು. ನಾನು ಅವಳನ್ನು ಕರೆದುಕೊಂಡು ಶೆಡ್ಡಿಗೆ ಹೋದೆ.

ಕೆಲಸವಿಲ್ಲದೆ ಕೂತವಳಿಗೆ ಕಾಣುವುದೆಲ್ಲ ಕಂಡಿತು. ಹತ್ತು ದಿನದಿಂದ ಶೆಡ್ಡಿನಲ್ಲಿ ಅವಳ ಪಕ್ಕ ಕೂತಿದ್ದೇನೆ. ಅಕ್ಕಿಗೆ ಎರಡು ಸಲ ನೀರು ಹಾಕುತ್ತಾಳೆ. ಅನ್ನ ಗಂಜಿಯಾದರೆ "ಹಲ್ಲಿಲ್ಲದೋರಿಗೆ ಇದೇ ಒಳ್ಳೇದು" ಎಂದು ನಗಿಸಿಬಿಡುತ್ತಾಳೆ. ಈ ಹೆಂಗಸರು ಇಷ್ಟು ದಿನ ನಗುತ್ತಲೇ ತಿಂದಿದ್ದಾರೆ. ನಾನೂ ನಗುತ್ತಲೇ ತಿಂದೆ.

ಮೊನ್ನೆ ಹತ್ತೂವರೆಗೆ ಖಾಲಿ ಬೋಗುಣಿ ತಲೆಯ ಮೇಲಿಟ್ಟುಕೊಂಡು ಹೊರಟಳು. ಹಿಂದೆಯೇ ಹೋದೆ. ಗದ್ದೆ ಬದಿಯಲ್ಲಿ ನಿಂತಳು. ಪಕ್ಕಕ್ಕೆ ಹೋಗಿ ನಿಂತೆ.

"ಅಕ್ಕ, ಇಲ್ಲೇನು ಮಾಡ್ತಿದೀಯ?"

"ಸಂತೆಗೆ ಹೋಗ್ಬೇಕಲ್ಲೇ. ಈ ಡ್ರೈವರು ದಿನಾ ತಡ ಮಾಡ್ತಾನೆ."

"ಬೋಗುಣೀಲಿ ಏನೂ ಇಲ್ವಲ್ಲ ಅಕ್ಕ."

ಬೋಗುಣಿ ಇಳಿಸಿ ನೋಡಿದಳು. ಎಷ್ಟೋ ಹೊತ್ತು ನೋಡಿದಳು. ಆಮೇಲೆ ನನ್ನ ಮುಖ ನೋಡಿ, ಕೆಳದನಿಯಲ್ಲಿ "ಪಿಲ್‌ಸಿಮ್, ಯಾರಿಗೂ ಹೇಳ್ಬೇಡ ಕಣೇ. ಆ ನನ್ನ ಅಣ್ಣನ ಮಗನಿಗೆ ಗೊತ್ತಾದ್ರೆ ಗ್ವಾಂಗ್ಜು ಆಸ್ಪತ್ರೆಗೆ ಹಾಕಿಬಿಡ್ತಾನೆ. ಅಲ್ಲಿ ಕಿಟಕಿ ತೆಗೆಯಕ್ಕೂ ಬಿಡಲ್ವಂತೆ" ಅಂದಳು. ಅಂದರೆ ಅವಳಿಗೂ ಗೊತ್ತಿದೆ. ಬಂದು ಹೋಗುವ ನೀರಿನ ಹಾಗೆ, ಗೊತ್ತಿರುವ ಹೊತ್ತೂ ಇದೆ.

ಮದುವೆಯಾಗಿ ಬಂದ ವರ್ಷ ಕೆಸರಿನಲ್ಲಿ ಸೊಂಟದವರೆಗೆ ಹೂತುಹೋದ ನನ್ನನ್ನು ಹಲಗೆಗೆ ಕಟ್ಟಿ ಎಳೆದು ತಂದವಳು ಅವಳು. ಈಗ ನಾನು ಬಾಯಿ ಬಿಟ್ಟರೆ ನನಗೆ ನನ್ನ ಹಲಗೆ ಸಿಗುತ್ತದೆ, ಅವಳಿಗೆ ಊರು ತಪ್ಪುತ್ತದೆ. ನಾನೇನು ಮಾಡಲಿ, ಹೇಳು. ಎಲ್ಲದಕ್ಕೂ ಫೋನು ಮಾಡುವವಳು ನೀನು, ಇದಕ್ಕೆ ಯಾರಿಗೆ ಫೋನು ಮಾಡುತ್ತೀಯ?

ಅಮ್ಮ

*

ದೇಜೊನ್, ಡಿಸೆಂಬರ್ 17

ಅಮ್ಮಾ,

ಡಿಪೋದ ಮೆಟ್ಟಿಲ ಮೇಲೆ ಕೂತು ಓದಿದೆ. ಮೊದಲು ಬಂದದ್ದು ಸಂತೋಷ. ನೀನಲ್ಲ, ನೀನಲ್ಲ ಎಂದು ಒಬ್ಬಳೇ ಹೇಳಿಕೊಂಡೆ. ಆಮೇಲೆ ನಾಚಿಕೆಯಾಯಿತು. ಓಕ್‌ದಾನ್ ದೊಡ್ಡಮ್ಮ ನನಗೆ ಜಡೆ ಹೆಣೆದವಳು.

ಆಮೇಲೆ ವಿಪರೀತ ಸಿಟ್ಟು ಬಂತು. ಆರು ವಾರ ನಿನಗೆ ಮರೆವು ಬಂದಿದೆ ಎಂದು ನಾನು ಅತ್ತಿದ್ದೇನೆ. ನೀನು ಒಂದು ಸಾಲು ನಿಜ ಬರೆದಿದ್ದರೆ ನಾನು ಚುವಿಗೆ ಫೋನು ಮಾಡುತ್ತಿರಲಿಲ್ಲ, ನಿನ್ನ ಹಲಗೆಗೆ ಬೀಗ ಬೀಳುತ್ತಿರಲಿಲ್ಲ. ಯಂತ್ರಕ್ಕೆ ಮರೆವು ಅಂದೆಯಲ್ಲ, ಪಾಪ, ಅದು ನಿಜವನ್ನೇ ಹೇಳಿತು. ಜೇಬು ಮಾತ್ರ ಬೇರೆಯವರದು. ಒಂದೇ ದಾರಿಯಲ್ಲಿ ದಿನಾ ಓಡಾಡುವ ಮನುಷ್ಯರ ಕಣ್ಣಿಗೆ ಬೀಳದ್ದು ಅದರ ಕಣ್ಣಿಗೆ ಬಿತ್ತು.

ದೊಡ್ಡಮ್ಮನನ್ನು ಡಾಕ್ಟರಿಗೆ ತೋರಿಸಲೇಬೇಕು. ನೀನು ಮುಚ್ಚಿಟ್ಟರೆ ಒಂದು ದಿನ ಅವಳು ಹೊಸ ರಸ್ತೆಗೆ ಹೋಗಿ ಲಾರಿಯ ಮುಂದೆ ನಿಲ್ಲುತ್ತಾಳೆ. ಅವಳನ್ನು ಉಳಿಸಿದೆ ಅಂದುಕೊಂಡು ನೀನೇ ಕೊಂದ ಹಾಗಾಗುತ್ತದೆ. ಒರಟಾಗಿ ಬರೆಯುತ್ತಿದ್ದೇನೆ, ಗೊತ್ತು.

ಈ ಸಲ ನಾನು ಯಾರಿಗೂ ಫೋನು ಮಾಡುವುದಿಲ್ಲ. ಒಂದು ಸಲ ನಿನ್ನ ಬೆನ್ನ ಹಿಂದೆ ಮಾಡಿದ್ದು ಸಾಕು. ನೀನೇ ಹೇಳಬೇಕು. ಅಲ್ಲಿಯವರೆಗೆ ಫೋನನ್ನು ಮತ್ತೆ ಅವಳ ಜೇಬಿಗೇ ಹಾಕು, ಸಂಜೆಯೂ ವಾಪಸು ತೆಗೆದುಕೊಳ್ಳಬೇಡ. ಪ್ರತಿ ನಿಲ್ದಾಣದಲ್ಲಿ ಬಸ್ಸು ನಿಂತಾಗಲೂ ನೋಡುತ್ತಿರುತ್ತೇನೆ.

ಹ್ಯಾಂಗ್‌ಮಿ

*

ಗಲ್ಮೊಕ್, ಜನವರಿ 5

ಹ್ಯಾಂಗ್‌ಮಿ,

ಡಬ್ಬಿ ಕಳಿಸಿದ್ದೇನೆ. ಚಿಪ್ಪು ನಾನೇ ತಂದದ್ದು.

ಹೊಸ ವರ್ಷದ ದಿನ ಸಭಾಮನೆಯಲ್ಲಿ ಊರಿಗೆಲ್ಲ ಅಕ್ಕಿ ಕಡುಬಿನ ಸಾರು. ಎಲ್ಲರೂ ಸಾಲಾಗಿ ನೆಲದ ಮೇಲೆ ಕೂತಿದ್ದೆವು. ಚುವಿನ ಹೆಂಡತಿ ಬಡಿಸುತ್ತಾ ಬಂದು ನನ್ನ ಮುಂದೆ ನಿಂತು "ಏನಜ್ಜಿ, ಬಸ್ಸು ಸಿಕ್ತಾ?" ಅಂದಳು. ಒಂದಿಬ್ಬರು ಕಿಸಕ್ಕನೆ ನಕ್ಕರು. ನಾನು ಬಟ್ಟಲು ನೋಡಿಕೊಂಡು ಕೂತೆ. ಹೇಳುವುದಕ್ಕೆ ಹದಿನೈದು ದಿನ ಪ್ರಯತ್ನ ಮಾಡಿದ್ದೆ ಹ್ಯಾಂಗ್‌ಮಿ. ನಿನ್ನಾಣೆ, ದಿನಾ ಬೆಳಿಗ್ಗೆ ಹೊರಡುತ್ತಿದ್ದೆ, ಚುವಿನ ಮನೆಯ ತಿರುವಿನಲ್ಲಿ ಕಾಲು ವಾಪಸು ಬರುತ್ತಿತ್ತು.

ಪಕ್ಕದಲ್ಲಿ ಕೂತಿದ್ದ ಓಕ್‌ದಾನ್ ಅಕ್ಕ ಚಮಚ ಕೆಳಗಿಟ್ಟಳು.

"ಯಾವ ಬಸ್ಸೇ?"

"ನಿಮಗಲ್ಲ ಬಿಡಿ ಅಜ್ಜಿ. ಇವ್ರು ಹಳೇ ಸ್ಟಾಪಲ್ಲಿ ದಿನಾ ನಿಂತಿರ್ತಾರಂತಲ್ಲ, ಫೋನು ಹೇಳತ್ತೆ. ಅದಕ್ಕೇ ತಾನೇ ಹಲಗೆಗೆ ಬೀಗ ಹಾಕಿದ್ದು."

ಅಕ್ಕ ನನ್ನ ಕಡೆ ತಿರುಗಿದಳು. ಬೀಗ ಯಾಕೆ ಬಿತ್ತು ಎನ್ನುವುದು ಅವಳಿಗೆ ಅರ್ಥವಾದದ್ದು ಆ ಹೊತ್ತಿಗೇ. ಕಣ್ಣು ತಿಳಿಯಾಗಿತ್ತು, ನನ್ನನ್ನು ಕೆಸರಿನಿಂದ ಎಳೆದ ದಿನ ಇದ್ದ ಹಾಗೆ. ಮಂಡಿ ಹಿಡಿದುಕೊಂಡು ಎದ್ದು ನಿಂತಳು. ಜೇಬಿನಿಂದ ಫೋನು ತೆಗೆದು ಚುವಿನ ಬಟ್ಟಲಿನ ಪಕ್ಕ ಟಪ್ಪನೆ ಇಟ್ಟಳು.

"ಬಸ್ಸಿಗೆ ನಿಂತೋಳು ಇವಳಲ್ಲ, ನಾನು. ಇದು ಇದ್ದದ್ದು ನನ್ನ ಜೇಬಲ್ಲಿ. ತಲೆ ಕೆಟ್ಟಿರೋದು ನನ್ನದು. ಇವಳದ್ದು ನೆಟ್ಟಗಿದೆ, ನಾಲಿಗೆ ಒಂದು ಬಿಟ್ಟು. ಹೋಗಿ ಬೀಗ ತೆಗಿಯೋ, ಸಾರು ಆಮೇಲೆ ಕುಡಿ."

ಚು ಸಾರು ಬಿಟ್ಟು ಎದ್ದು ಹೋಗಿ ಬೀಗ ತೆಗೆದ. ಅಕ್ಕ ಕೂತು ತನ್ನ ಸಾರನ್ನೆಲ್ಲ ಕುಡಿದಳು. ನಾನು ಅವಳ ಕೈ ಹಿಡಿದುಕೊಂಡರೆ "ಬಿಡೇ, ತಿನ್ನಕ್ಕಾಗ್ತಿಲ್ಲ" ಎಂದು ಕೊಡವಿದಳು.

ಮರುದಿನ ನರ್ಸ್ ಹುಡುಗಿ ಬಂದಳು. ಅದರ ಮರುದಿನ ಅಣ್ಣನ ಮಗ ಬಂದ. ಚಾಂದ್ರಮಾನ ಹೊಸ ವರ್ಷ ಮುಗಿದ ಮೇಲೆ ಗ್ವಾಂಗ್ಜುಗೆ ಕರೆದುಕೊಂಡು ಹೋಗುತ್ತಾನಂತೆ. ಒಳ್ಳೆಯ ಮಾತಿನಲ್ಲೇ ಹೇಳಿದ, ಔಷಧಿ ಕೊಡಿಸುತ್ತಾನಂತೆ. ಅವನನ್ನು ಬೈಯುವುದಕ್ಕೂ ನನಗೆ ಕಾರಣ ಸಿಗಲಿಲ್ಲ.

ನಿನ್ನೆ ನಾನು ಕೆಸರಿಗೆ ಇಳಿದೆ. ಮಧ್ಯಾಹ್ನ ಬಂದು ಕಾಲು ತೊಳೆಯುತ್ತಿದ್ದಾಗ ಅಕ್ಕ ಶೆಡ್ಡಿನ ಬಾಗಿಲಿಗೆ ಬಂದು ನಿಂತಳು. ಮುಖ ಕೆಂಪಾಗಿತ್ತು.

"ಯಾರಿಗೂ ಹೇಳ್ಬೇಡ ಅಂದಿದ್ದೆ. ಹೇಳಿಬಿಟ್ಟೆಯಲ್ಲೇ."

"ಅಕ್ಕ..."

"ನಿನ್ನ ಒಂದು ಹಲಗೆಗೋಸ್ಕರ ನನ್ನ ಮಾರ್ಬಿಟ್ಟೆ. ಅವತ್ತು ಕೆಸರಲ್ಲೇ ಬಿಟ್ಟು ಬರಬೇಕಿತ್ತು ನಿನ್ನ."

ಅವಳಿಗೆ ನೆನಪಿಲ್ಲ ಹ್ಯಾಂಗ್‌ಮಿ. ಸಭಾಮನೆ, ಫೋನು ಇಟ್ಟದ್ದು, ಚುವನ್ನು ಎಬ್ಬಿಸಿದ್ದು, ಒಂದೂ ಇಲ್ಲ. ಮೂರು ದಿನದಲ್ಲಿ ಅಳಿಸಿಹೋಗಿದೆ. ಗ್ವಾಂಗ್ಜು ಮಾತ್ರ ನೆನಪಿದೆ, ಯಾರಿಗೂ ಹೇಳಬೇಡ ಎಂದು ನನಗೆ ಹೇಳಿದ್ದು ನೆನಪಿದೆ.

"ನೀನೇ ಹೇಳಿದ್ದು ಅಕ್ಕ, ಇಡೀ ಊರಿನ ಎದುರಿಗೆ" ಎನ್ನುವುದಕ್ಕೆ ಬಾಯಿ ತೆರೆದೆ. ಹಿಂದೆ ಆರು ಜನ ಹೆಂಗಸರು ಸಾಕ್ಷಿಗೆ ನಿಂತಿದ್ದರು. ಹೇಳಿದರೆ ಅವಳು ನಂಬುತ್ತಿದ್ದಳು. ನಂಬಿದರೆ, ಅಷ್ಟು ದೊಡ್ಡ ಕೆಲಸವೂ ತನ್ನ ತಲೆಯಲ್ಲಿ ನಿಲ್ಲಲಿಲ್ಲ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಖಾಲಿ ಬೋಗುಣಿ ನೋಡಿದಾಗಿನ ಆ ಮುಖವನ್ನು ಇನ್ನೊಂದು ಸಲ ನೋಡಲು ನನ್ನಿಂದಾಗದು.

"ಹೂಂ ಅಕ್ಕ, ನಾನೇ ಹೇಳಿದೆ" ಅಂದೆ.

ತನ್ನ ಅನ್ನದ ಪಾತ್ರೆ ಎತ್ತಿಕೊಂಡು ಮನೆಗೆ ಹೋದಳು. ಇವತ್ತು ಬರಲಿಲ್ಲ. ಬಾಗಿಲು ತಟ್ಟಿದರೆ ತೆಗೆಯುವುದಿಲ್ಲ.

ಅಕ್ಕನೇ ಹೇಳಿದ್ದು ಅಂತ ಅವಳೆದುರು ಬಾಯಿ ಬಿಡುವುದಿಲ್ಲ ಎಂದು ಹೆಂಗಸರ ಹತ್ತಿರ ಮಾತು ತೆಗೆದುಕೊಂಡಿದ್ದೇನೆ. ಚುವಿನ ಹೆಂಡತಿಯ ಹತ್ತಿರವೂ. ಹಬ್ಬಕ್ಕೆ ನೀನು ಬಂದಾಗ ಮೊದಲು ಅಕ್ಕನ ಮನೆಗೆ ಹೋಗು, ನಿನಗೆ ಬಾಗಿಲು ತೆಗೆಯುತ್ತಾಳೆ. ಸ್ವಲ್ಪ ಹೊತ್ತಿಗೆ ನಾನೂ ಅಂಗಳಕ್ಕೆ ಬರುತ್ತೇನೆ. ಆಗ ನೀನು ಅವಳ ಪಕ್ಕ ನಿಂತು ನನ್ನನ್ನು ಬೈಯಬೇಕು. "ಯಾಕಮ್ಮಾ ಹೇಳಿದೆ, ನಿನಗೆ ನಾಚಿಕೆ ಆಗಲ್ವಾ" ಎಂದು ಅವಳಿಗೆ ಕೇಳುವ ಹಾಗೆ ಜೋರಾಗಿ ಬೈ.

ಅಮ್ಮ,
ಪಿಲ್‌ಸಿಮ್